ಆಕ್ಟ್‌ರೈಸರ್: ರಾತ್ರಿ ಕಟ್ಟಿದ ಊರು ಬೆಳಿಗ್ಗೆ ಇರುವುದಿಲ್ಲ

ಕೋಡಿಬಾಗ, ಕಾರವಾರ:
ಎಲ್ಲರಿಗೂ ನಮಸ್ಕಾರ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಅಮೆರಿಕದಿಂದ ತಂದಿದ್ದ ಸೂಪರ್ ನಿಂಟೆಂಡೊ ಎಂಬ ವಿಡಿಯೊ ಗೇಮ್ ಯಂತ್ರ ವರ್ಷಗಟ್ಟಲೆ ಅಟ್ಟದ ಮೇಲಿತ್ತು. ಕಳೆದ ತಿಂಗಳು ಕೆಳಗಿಳಿಸಿ, 230 ವೋಲ್ಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿದೆ. ಚಿತ್ರ, ಧ್ವನಿ ಎರಡೂ ಸರಿಯಾಗಿವೆ. ತೊಂದರೆ ಇರುವುದು ಆಕ್ಟ್‌ರೈಸರ್ ಎಂಬ ಆಟದ ಕ್ಯಾಸೆಟ್ಟಿನಲ್ಲಿ ಮಾತ್ರ.

ಕತ್ತಿ ಹಿಡಿದು ಹೋರಾಡುವ ಭಾಗವನ್ನು ಮುಗಿಸಿದೆ. ಅದಾದ ಮೇಲೆ ಆಕಾಶದಿಂದ ನೋಡುತ್ತ ಊರು ಕಟ್ಟುವ ಭಾಗ. ಆಟದ ಮೊದಲ ಪ್ರದೇಶವಾದ ಫಿಲ್‌ಮೋರ್‌ನ ಕಾಡನ್ನು ಸಿಡಿಲು ಬೀಳಿಸಿ ಸುಟ್ಟೆ, ದಾರಿ ಹಾಕಿಸಿದೆ, ಮನೆಗಳು ಎದ್ದವು. ಆಟವನ್ನು ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ಎಲ್ಲವೂ ಖಾಲಿ. ಮೂರು ಸಲ ಹೀಗೇ ಆಯಿತು. ಈ ಆಟದಲ್ಲಿ ನಾಯಕನ ಬಲ ಹೆಚ್ಚುವುದೇ ಊರುಗಳ ಜನಸಂಖ್ಯೆ ಹೆಚ್ಚಿದಂತೆ. ಊರು ಹೋದರೆ ಅದೂ ಹೋಯಿತು. ದಯವಿಟ್ಟು ದಾರಿ ತೋರಿಸಿ.

ಹೊನ್ನಾವರ:
ನಮ್ಮ ಕರಾವಳಿಯ ಉಪ್ಪುಗಾಳಿಗೆ ಕ್ಯಾಸೆಟ್ಟಿನ ಪಿನ್‌ಗಳು ಕಪ್ಪಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಆಫ್ ಮಾಡಿ ನೋಡಿ.

ಕೋಡಿಬಾಗ, ಕಾರವಾರ:
ಎರಡನ್ನೂ ಮಾಡಿದೆ. ಹತ್ತಿ ಕಪ್ಪಾಯಿತು, ಊರು ಮಾತ್ರ ಉಳಿಯಲಿಲ್ಲ.

ಶಿರಸಿ:
ಪಿನ್ ಒರೆಸಿದ್ದು ಒಳ್ಳೆಯದೇ ಆಯಿತು. ಆದರೆ ರೀಸೆಟ್ ಒತ್ತಿ ಹಿಡಿಯುವುದು ಹಿಂದಿನ 8 ಬಿಟ್ ನಿಂಟೆಂಡೊದ ಕ್ರಮ. ಇಲ್ಲಿ ಅದರ ಅಗತ್ಯವಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಆಟ ಸೇವ್ ಮಾಡಿ, ಪವರ್ ಆಫ್ ಮಾಡದೆ ರೀಸೆಟ್ ಒತ್ತಿ. ಊರು ಸಿಕ್ಕಿತೇ?

ಕೋಡಿಬಾಗ, ಕಾರವಾರ:
ಸಿಕ್ಕಿತು! ಪವರ್ ಆಫ್ ಮಾಡಿದರೆ ಮಾತ್ರ ಹೋಗುತ್ತದೆ.

ಶಿರಸಿ:
ಹಾಗಾದರೆ ಸಂಶಯವೇ ಬೇಡ, ಕ್ಯಾಸೆಟ್ಟಿನ ಒಳಗಿನ ಬ್ಯಾಟರಿ ಸತ್ತಿದೆ. ಆಟ ಇರುವುದು ಅಳಿಸಿಹೋಗದ ಶಾಶ್ವತ ಚಿಪ್ಪಿನಲ್ಲಿ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಆದ್ದರಿಂದಲೇ ಹೋರಾಟದ ಭಾಗವೂ ಊರು ಕಟ್ಟುವ ಭಾಗವೂ ನಿಮಗೆ ಸರಿಯಾಗಿ ನಡೆಯುತ್ತಿವೆ. ನೀವು ಕಟ್ಟಿದ ಊರಿನ ವಿವರ ಮಾತ್ರ ವಿದ್ಯುತ್ ಇದ್ದರಷ್ಟೇ ನೆನಪಿಡುವ ಪುಟ್ಟದೊಂದು ರಾಮ್ ಚಿಪ್ಪಿನಲ್ಲಿದೆ. ಪವರ್ ಇಲ್ಲದಾಗ ಅದಕ್ಕೆ ಆಸರೆ 3 ವೋಲ್ಟಿನ ಸಿಆರ್ 2032 ಬಿಲ್ಲೆ ಬ್ಯಾಟರಿ. ಆಕ್ಟ್‌ರೈಸರ್ ಜಪಾನಿನಲ್ಲಿ ಬಂದದ್ದು 1990ರಲ್ಲಿ, ಅಮೆರಿಕದಲ್ಲಿ ಮರುವರ್ಷ. ಒಂದು ಬಿಲ್ಲೆ ಬ್ಯಾಟರಿ ಇಷ್ಟು ಕಾಲ ತಾಳಿದ್ದೇ ಹೆಚ್ಚು.

ಕ್ಯಾಸೆಟ್ ತೆರೆಯಲು 3.8 ಮಿ.ಮೀ. ಗೇಮ್‌ಬಿಟ್ (ಈ ಕ್ಯಾಸೆಟ್ಟಿನ ವಿಶೇಷ ತಿರುಪಿಗೆ ಹೊಂದುವ ಸ್ಕ್ರೂಡ್ರೈವರ್) ಬೇಕು. ಚಾಕುವಿನಿಂದ ಮೀಟಬೇಡಿ, ಪ್ಲಾಸ್ಟಿಕ್ ಸೀಳುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿ, 2.5 ವೋಲ್ಟಿಗಿಂತ ಕೆಳಗಿದ್ದರೆ ಬದಲಾಯಿಸಿ. ಗಡಿಯಾರದ ಅಂಗಡಿಯಲ್ಲಿ ಸಿಗುವ ಬರಿಯ ಬಿಲ್ಲೆ ಆಗದು. ಲೋಹದ ಕಾಲುಗಳನ್ನು ಮೊದಲೇ ಕೂಡಿಸಿದ್ದನ್ನೇ ತರಿಸಿ. ಬ್ಯಾಟರಿಯ ಮೈಗೆ ನೇರವಾಗಿ ಸೋಲ್ಡರಿಂಗ್ ಕಡ್ಡಿ ತಾಗಿಸಬಾರದು, ಕಾವಿಗೆ ಅದು ಸಿಡಿಯಬಹುದು. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಧನ, ಋಣ ಅದಲುಬದಲಾಗಬಾರದು. ಕೈ ಪಳಗಿಲ್ಲದಿದ್ದರೆ ರೇಡಿಯೊ, ಟಿವಿ ದುರಸ್ತಿ ಮಾಡುವವರ ಬಳಿ ಕೊಂಡೊಯ್ಯಿರಿ, ಅವರಿಗೆ ಇದು ಐದು ನಿಮಿಷದ ಕೆಲಸ.

ಹೊನ್ನಾವರ:
ರೀಸೆಟ್ ವಿಷಯ ತಿದ್ದಿದ್ದಕ್ಕೆ ಧನ್ಯವಾದ. ನನ್ನ ಬಳಿ ಇರುವ ಎರಡು ಕ್ಯಾಸೆಟ್ಟುಗಳನ್ನೂ ಇಂದೇ ಅಳೆಯುತ್ತೇನೆ.

ಕೋಡಿಬಾಗ, ಕಾರವಾರ:
ಬ್ಯಾಟರಿ ಬರಲು ಒಂಬತ್ತು ದಿನ ಹಿಡಿಯಿತು. ಹಳೆಯದರಲ್ಲಿ 0.8 ವೋಲ್ಟ್ ಇತ್ತು, ಕಾಲುಗಳ ಬುಡದಲ್ಲಿ ಹಸಿರು ಕಿಲುಬು. ಪೇಟೆಯ ಟಿವಿ ದುರಸ್ತಿಯವರು ಅದನ್ನು ಕೆರೆದು, ಒರೆಸಿ, ಹೊಸದನ್ನು ಕೂರಿಸಿಕೊಟ್ಟರು, ಈಗ 3.2 ತೋರಿಸುತ್ತಿದೆ. ಎರಡು ರಾತ್ರಿ ಯಂತ್ರದ ಪ್ಲಗ್ಗನ್ನೇ ಕಿತ್ತಿಟ್ಟಿದ್ದೆ. ಇಂದು ಬೆಳಿಗ್ಗೆ ಹಾಕಿದರೆ ಫಿಲ್‌ಮೋರ್‌ನ ಮನೆಗಳೆಲ್ಲ ಇದ್ದ ಜಾಗದಲ್ಲೇ ಇವೆ. ಶಿರಸಿಯವರೇ, ನಿಮ್ಮ ಉಪಕಾರವನ್ನು ಮರೆಯುವುದಿಲ್ಲ.

ಆಟ ಶುರುವಾಗುವಾಗ ಹೆಸರು ಕೇಳುತ್ತದಲ್ಲ, ಈ ಸಲ ಅಲ್ಲಿ ಮಾವನ ಹೆಸರನ್ನು ಬರೆದಿದ್ದೇನೆ.