ಗೂಗಲ್‌ನಲ್ಲಿ ಎಲ್ಲಾ ಪುಟಕ್ಕೂ ಒಂದೇ ಹೆಸರು ಬರ್ತಿದೆ, ಏನು ಮಾಡಲಿ?

ಕೊಪ್ಪಳ_ಗೊಂಬೆ:
ನಮಸ್ಕಾರ. ನಮ್ಮಣ್ಣ ಕಿನ್ನಾಳದಲ್ಲಿ ಗೊಂಬೆ ಮಾಡುತ್ತಾನೆ. ಮಾರೋದಕ್ಕೆ ಅಂತ ನಾನೇ ಒಂದು ವೆಬ್‌ಸೈಟ್ ಮಾಡಿದೆ, 20 ಪುಟ ಇದೆ. ಆದರೆ ಗೂಗಲ್‌ನಲ್ಲಿ ಗೌರಿ ಪುಟ, ಗರುಡನ ಪುಟ ಎಲ್ಲಕ್ಕೂ ‘ಹೋಮ್ – ಸುಸ್ವಾಗತ’ ಅಂತಲೇ ಬರುತ್ತದೆ, ಅದರ ಕೆಳಗೆ ಅಂಗಡಿ ವಿಳಾಸ. ಯಾರೂ ಒಳಗೆ ಬರುತ್ತಿಲ್ಲ. ಪುಟದ ಕೋಡ್‌ನಲ್ಲಿ ಹುಡುಕುವ ಪದ ಬರೆಯೋ ಕೀವರ್ಡ್ಸ್ ಟ್ಯಾಗ್ ಇದೆಯಲ್ಲ, ಅದರಲ್ಲಿ 50 ಪದ ತುಂಬಿಸಿ ನೋಡಿದೆ, ಏನೂ ಆಗಲಿಲ್ಲ. ಅಣ್ಣ ದಿನಾ ಕೇಳುತ್ತಾನೆ, ಆರ್ಡರ್ ಬಂತಾ ಅಂತ.

ರಾಯಚೂರು_ವೆಬ್:
ಕೀವರ್ಡ್ಸ್ ಟ್ಯಾಗ್ ಬಿಟ್ಟುಬಿಡಿ. ಅದನ್ನು ರ್‍ಯಾಂಕಿಂಗ್‌ಗೆ ನೋಡೋದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಕೆಲಸ ಇರೋದು ಗೂಗಲ್‌ನಲ್ಲಿ ಪುಟದ ಹೆಸರಾಗಿ ಕಾಣೋ ಟೈಟಲ್‌ನಲ್ಲಿ. ಆ ಪುಟದಲ್ಲಿ ಏನಿದೆಯೋ ಅದನ್ನೇ ಬರೆಯಿರಿ, ಅದೂ ಮೊದಲ ಪದದಲ್ಲೇ: ‘ಕಿನ್ನಾಳ ಗೌರಿ ಗೊಂಬೆ, 9 ಇಂಚು’. ಅಂಗಡಿ ಹೆಸರು ಕೊನೆಗೆ ಬರಲಿ, ಯಾಕಂದ್ರೆ ಉದ್ದ ಆದರೆ ಕತ್ತರಿಸೋದು ಕೊನೆಯ ಭಾಗವನ್ನೇ. ಇಷ್ಟೇ ಅಕ್ಷರ ಅಂತ ಲೆಕ್ಕ ಇಲ್ಲ, ಸ್ಕ್ರೀನ್ ಮೇಲೆ ಎಷ್ಟು ಅಗಲ ಹಿಡಿಯುತ್ತದೆ ಅನ್ನೋದರ ಮೇಲೆ ಕತ್ತರಿಸುತ್ತದೆ.
ಟೈಟಲ್ ಕೆಳಗೆ ಬರೋ ವಿವರಣೆ, ಅಂದ್ರೆ ಡಿಸ್ಕ್ರಿಪ್ಷನ್‌ನಿಂದ ಪುಟ ಮೇಲೆ ಬರೋದಿಲ್ಲ, ನಿಜ. ಆದರೆ ಹಬ್ಬಕ್ಕೆ ಗೊಂಬೆ ಹುಡುಕುವವರು ಒತ್ತಬೇಕೋ ಬೇಡವೋ ಅಂತ ನೋಡೋದು ಆ ಎರಡು ಸಾಲನ್ನೇ ಅಲ್ವಾ? ಹೀಗೆ ಬರೆದು ನೋಡಿ: ‘ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಕೈಯಲ್ಲೇ ಬಣ್ಣ ಹಚ್ಚಿದ ಗೌರಿ. ಕೊಪ್ಪಳದಿಂದ ಕೊರಿಯರ್ ಮಾಡುತ್ತೇವೆ.’ 20 ಪುಟಕ್ಕೂ ಬೇರೆ ಬೇರೆ ಬರೆಯಬೇಕು. ಬೇಜಾರಿನ ಕೆಲಸ, ಆದರೂ ಮಾಡಿ.

ಬಳ್ಳಾರಿ_ಜೀನ್ಸ್:
ಒಂದು ಮಾತು ಸೇರಿಸ್ತೀನಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಳ್ಳಿ. ನಮ್ಮೂರಿನ ಸ್ಪೆಲ್ಲಿಂಗ್ 2014ರ ನವೆಂಬರ್ 1ಕ್ಕೆ ಬದಲಾಯಿತು, ಆದರೆ ಹೊರಗಿನ ಜೀನ್ಸ್ ವ್ಯಾಪಾರಿಗಳು ಇವತ್ತಿಗೂ ‘ಬೆಲ್ಲಾರಿ’ ಅಂತ ಹಳೇದನ್ನೇ ಟೈಪ್ ಮಾಡುತ್ತಾರೆ. ಅದಕ್ಕೆ ನಾನು ಹೊಸದನ್ನು ಟೈಟಲ್‌ನಲ್ಲಿ, ಹಳೇದನ್ನು ಡಿಸ್ಕ್ರಿಪ್ಷನ್ ಮತ್ತು ಪುಟದ ಒಳಗೆ ಇಟ್ಟಿದ್ದೇನೆ. ನಿಮಗೂ ಅಷ್ಟೇ, ‘ಕಿನ್ಹಾಳ’ ಅಂತ ಬರೆಯುವವರು ತುಂಬಾ ಜನ. ವೆಬ್‌ಸೈಟ್ ಇರೋರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪದ ಹಾಕಿ ಹುಡುಕಿದರು ಅಂತ ಸಿಗುತ್ತದೆ, ಸುಮ್ನೆ ಊಹೆ ಮಾಡಬೇಡಿ.

ಕೊಪ್ಪಳ_ಗೊಂಬೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹತ್ತು ದಿನದ ಹಿಂದೆ ಎಲ್ಲಾ ಬದಲಾಯಿಸಿದೆ, ಈಗ ಗೌರಿ ಪುಟ ಸರಿಯಾಗಿ ಬರುತ್ತಿದೆ. ಗರುಡನ ಪುಟಕ್ಕೆ ಮಾತ್ರ ಇನ್ನೂ ‘ಸುಸ್ವಾಗತ’ ಅಂತ ತೋರಿಸುತ್ತಿದೆ.

ರಾಯಚೂರು_ವೆಬ್:
ಆ ಪುಟದ ಮೇಲಿನ ದೊಡ್ಡ ಹೆಡ್ಡಿಂಗ್ ನೋಡಿ, ಅಲ್ಲೂ ‘ಸುಸ್ವಾಗತ’ ಅಂತ ಇರಬಹುದು. ನಾವು ಕೊಟ್ಟ ಟೈಟಲ್ ಬಿಟ್ಟು ಗೂಗಲ್ ಕೆಲವು ಸಲ ಅದನ್ನು ಎತ್ತಿಕೊಳ್ಳುತ್ತದೆ. ಅಲ್ಲಿ ‘ಕಿನ್ನಾಳ ಗರುಡ’ ಅಂತ ಹಾಕಿ, ಸರ್ಚ್ ಕನ್ಸೋಲ್‌ನಿಂದ ಇನ್ನೊಮ್ಮೆ ಇಂಡೆಕ್ಸಿಂಗ್‌ಗೆ ಕಳಿಸಿ, ಅಂದ್ರೆ ಪುಟವನ್ನು ಮತ್ತೆ ಓದಿಕೊಳ್ಳೋಕೆ ಗೂಗಲ್‌ಗೆ ಹೇಳಿ.