ಆರ್ಟೀರಿಯಲ್ ಲೈನಿಗೆ ಹಾಕಿದ ಅಂಟು ಕೆಲವೇ ಗಂಟೆಗಳಲ್ಲಿ ಏಳುತ್ತಿದೆ

ಪ್ರಶ್ನೆ: ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ನಾನು, ರಕ್ತದೊತ್ತಡವನ್ನು ಸತತವಾಗಿ ಅಳೆಯಲು ಮಣಿಕಟ್ಟಿನ ರೇಡಿಯಲ್ ಅಪಧಮನಿಗೆ ತೂರಿಸುವ ತೆಳು ಕೊಳವೆಯನ್ನು (ಕ್ಯಾತಿಟರ್, ಅಂದರೆ ಆರ್ಟೀರಿಯಲ್ ಲೈನು) ಹೊಲಿಗೆಯ ಬದಲು ಸಯನೋಅಕ್ರಿಲೇಟ್ ಅಂಟಿನಿಂದ ನಿಲ್ಲಿಸುವ ಕ್ರಮವನ್ನು ಇತ್ತೀಚೆಗೆ ಆರಂಭಿಸಿದ್ದೇನೆ. ಐದಾರು ಗಂಟೆಗಳಲ್ಲೇ ಅಂಟು ಹಕ್ಕಳೆಯಂತೆ ಏಳುತ್ತದೆ. ನಿನ್ನೆಯಂತೂ ಅಂಟು ಹಾಕಿದ ಕೂಡಲೇ ಮಾನಿಟರಿನಲ್ಲಿ ಒತ್ತಡದ ಅಲೆ ಚಪ್ಪಟೆಯಾಯಿತು. ಎಲ್ಲಿ ತಪ್ಪುತ್ತಿದ್ದೇನೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಎದ್ದ ಚೂರನ್ನು ತಿರುಗಿಸಿ ನೋಡಿ, ಅಡಿಯಲ್ಲಿ ಕಂದು ಬಣ್ಣದ ಪೊರೆಯಿದ್ದರೆ ಅಂಟು ಹಿಡಿದದ್ದು ಚರ್ಮವನ್ನಲ್ಲ, ರಕ್ತವನ್ನು. ಈ ಅಂಟು ತೇವ ತಗುಲಿದೊಡನೆ ಗಟ್ಟಿಯಾಗುವುದರಿಂದ, ಒದ್ದೆ ಜಾಗದಲ್ಲಿ ಚರ್ಮವನ್ನು ಮುಟ್ಟುವ ಮೊದಲೇ ಹೆಪ್ಪುಗಟ್ಟಿಬಿಡುತ್ತದೆ. ಆದ್ದರಿಂದ ಜಿನುಗು ನಿಲ್ಲುವವರೆಗೆ ಒತ್ತಿಹಿಡಿದು, ರಕ್ತವನ್ನು ಒರೆಸಿ, ಆಲ್ಕೋಹಾಲ್ ಬೆರೆತ ನಂಜುನಿರೋಧಕವಾದ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಅವಸರದಲ್ಲಿ ನಾವೆಲ್ಲ ಎಡವುವುದು ಇಲ್ಲಿಯೇ. ಚುಚ್ಚಿದ ಜಾಗಕ್ಕೆ ಒಂದು ಹನಿ, ಕ್ಯಾತಿಟರಿನ ಹೊರತುದಿಯ ಜೋಡಣೆ ಭಾಗವಾದ ಹಬ್‌ನ ಅಡಿಗೆ ಒಂದೆರಡು ಹನಿ ಸಾಕು, ಏಕೆಂದರೆ ದಪ್ಪಗೆ ಸುರಿದ ಅಂಟು ಹೆಚ್ಚು ಬಿಸಿಯಾಗುವುದಲ್ಲದೆ ಬೇಗ ಬಿರುಕು ಬಿಡುತ್ತದೆ. ಈ ಅಂಟಿನಲ್ಲಿ ಬ್ಯೂಟೈಲ್ ಬಗೆಯದು ಪೆಡಸು. ಮಣಿಕಟ್ಟಿನಂಥ ಮಡಚುವ ಜಾಗಕ್ಕೆ ಆಕ್ಟೈಲ್ ಬಗೆಯದು ಹೆಚ್ಚು ಬಾಗುತ್ತದೆ. ಪಾರದರ್ಶಕ ಡ್ರೆಸ್ಸಿಂಗ್ ಮಾತ್ರ ಬಿಡಬೇಡಿ, ಅಂಟೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಅಲೆ ಚಪ್ಪಟೆಯಾದುದಕ್ಕೆ, ಹಬ್ಬನ್ನು ಚರ್ಮಕ್ಕೆ ಅದುಮಿ ಹಿಡಿದಾಗ ಕ್ಯಾತಿಟರಿನ ಕೋನ ಬದಲಾಗಿ ಅದರ ತುದಿ ಅಪಧಮನಿಯ ಗೋಡೆಗೆ ತಾಗಿರಬಹುದೆಂದು ನನ್ನ ಅನುಮಾನ. ಲೈನಿಗೆ ಸಲೈನ್ ಹರಿಸುವ ಚೀಲವನ್ನು ಅದುಮುವ ಪ್ರೆಷರ್ ಬ್ಯಾಗಿನ ಒತ್ತಡ 300 ಮಿಲಿಮೀಟರ್ ಪಾದರಸದಷ್ಟಿದೆಯೇ, ಕೊಳವೆಯಲ್ಲಿ ಗುಳ್ಳೆ ಅಥವಾ ಹೆಪ್ಪು ಇದೆಯೇ ಎಂಬುದನ್ನೂ ನೋಡಿ. ಮುಂದಿನ ಸಲ ಅಂಟು ಗಟ್ಟಿಯಾಗುವ ಆ ಅರ್ಧ ನಿಮಿಷ ಕಣ್ಣು ಬೆರಳಿನ ಮೇಲಲ್ಲ, ಮಾನಿಟರಿನ ಮೇಲಿರಲಿ.

ಪ್ರಶ್ನಿಸಿದವರು: ಕಂದು ಪೊರೆ ಇದ್ದದ್ದು ನಿಜ. ಒಣಗಿಸಿ ಹಾಕಿದ ಲೈನು ಮೂರನೆಯ ದಿನವೂ ಅಲ್ಲಾಡಲಿಲ್ಲ. ಈಗ ಅದನ್ನು ತೆಗೆಯಬೇಕಾಗಿದೆ, ಅಸಿಟೋನ್ ಬಳಸಬಹುದೇ?

ಉತ್ತರ: ಬೇಡ, ಅದು ಚರ್ಮವನ್ನು ಕೆರಳಿಸುತ್ತದೆ, ಪಾಲಿಯುರೆಥೇನ್ ಕ್ಯಾತಿಟರನ್ನೂ ಹಾಳುಮಾಡಬಲ್ಲದು. ಅಂಚುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಮೆತ್ತಗಾದ ಮೇಲೆ ಒಂದು ಕೈಯಲ್ಲಿ ಹಬ್ಬನ್ನು ಹಿಡಿದು, ಚರ್ಮವನ್ನು ಅದರಿಂದ ನಿಧಾನವಾಗಿ ಸರಿಸುತ್ತ ಬಿಡಿಸಿ. ಕತ್ತರಿಯನ್ನು ಹತ್ತಿರ ತರಬೇಡಿ. ಹೊರತೆಗೆದ ಮೇಲೆ ಕನಿಷ್ಠ ಐದು ನಿಮಿಷ, ರಕ್ತ ತೆಳುಗೊಳಿಸುವ ಔಷಧವಿದ್ದರೆ ಇನ್ನೂ ಹೆಚ್ಚು ಹೊತ್ತು ಒತ್ತಿಹಿಡಿಯಿರಿ. ಉಳಿದ ಅಂಟಿನ ಚೂರುಗಳನ್ನು ಕೆರೆಯಬೇಕಿಲ್ಲ, ಚರ್ಮದ ಮೇಲ್ಪದರದೊಂದಿಗೆ ಅವೇ ಉದುರುತ್ತವೆ.