ಸಹಾಯ ಬೇಕು: ಹಳೇ ಕ್ಯಾಸೆಟ್ಟು ಮೊಬೈಲಿಗೆ ಹಾಕಿಸೋದೆಲ್ಲಿ?

ಅಣ್ಣಾರ, ಅಕ್ಕಾರ, ಶರಣ್ರಿ. ಕೊಪ್ಪಳ, ಗಂಗಾವತಿ ಕಡೆ ಟೇಪ್ ಕ್ಯಾಸೆಟ್ಟಿನ ಧ್ವನಿ ಪೆನ್‌ಡ್ರೈವಿಗೆ ಹಾಕಿಕೊಡೋರು ಯಾರಾದ್ರೂ ಅದಾರೇನ್ರಿ?

ನಮ್ಮಪ್ಪಗ 74. ಗವಿಮಠದ ಜಾತ್ರಿಗೆ ಚಕ್ಕಡಿ ಕಟ್ಟಿಕೊಂಡು, ದಾಸೋಹಕ್ಕ ಬುಟ್ಟಿಗಟ್ಟಲೆ ಜೋಳದ ರೊಟ್ಟಿ, ಮಾದಲಿ ಹೇರಿಕೊಂಡು ಹೋಗಿದ್ವಿ ಅಂತಾನ. ನನಗ ನೆನಪಿರೋದು ಟ್ರ್ಯಾಕ್ಟರು, ಟ್ರಾಲಿಯಾಗ ನಾನು ವಾಂತಿ ಮಾಡಿಕೊಂಡದ್ದು! ಇಬ್ಬರೂ ಸೋಲೋರಲ್ಲ. ಅವತ್ತು ದಾರ್ಯಾಗ ಅವ್ವ ಹಾಡಿದ್ದು ಈ ಕ್ಯಾಸೆಟ್ಟಿನ್ಯಾಗ ಐತಿ. ಹಿಂದ ಎತ್ತಿನ ಗೆಜ್ಜಿ ಸಪ್ಪಳೋ, ಟ್ರ್ಯಾಕ್ಟರಿನ ಸಪ್ಪಳೋ ಕೇಳಬೇಕು. ಅವ್ವ ಈಗಿಲ್ಲ.

ರೀಲು ಒಂದು ಕಡೆ ಹರದೈತಿ. ಅಂಗಡಿಯಾಗ ಬಿಟ್ಟು ಬರಾಕ ಅಪ್ಪ ಒಲ್ಲ, ಎದುರಿಗೇ ಕುಂತು ಮಾಡಿಸಬೇಕಂತ. "ಮೊಬೈಲಿನ್ಯಾಗ ಹಾಕಿದ್ದು ಉಳಿತೈತೇನು?" ಅಂತ ಬ್ಯಾರೆ ಕೇಳ್ತಾನ. ರೊಕ್ಕ ಎಷ್ಟಾಗ್ತೈತಿ, ತಿಳಿಸ್ರಿ.